ಎಡಗೈಗೊಂದು ಬೇಸ್ ಗಿಟಾರ್: ಪಿಟೀಲಿನ ಊರುಗಳಲ್ಲಿ ಒಂದು ಹುಡುಕಾಟ

ಎರ್ಲಾಂಗೆನ್ ನಿಲ್ದಾಣದಲ್ಲಿ ರೈಲು ಹತ್ತಿ ಸೀಟಿನಲ್ಲಿ ಸರಿಯಾಗಿ ಕೂರುವಷ್ಟರಲ್ಲಿ ನಾವು ಇಳಿಯಬೇಕಾದ ಊರು ಬಂದೇಬಿಟ್ಟಿತು. ಹೆಸರು ಬೂಬೆನ್‌ರಾಯ್ಟ್. ಜರ್ಮನಿಯ ಬವೇರಿಯಾ ರಾಜ್ಯದ ಒಂದು ಪುಟ್ಟ ಊರು. ಪ್ಲಾಟ್‌ಫಾರ್ಮಿನಲ್ಲಿ ನಮ್ಮಿಬ್ಬರನ್ನು ಬಿಟ್ಟರೆ ಸೈಕಲ್ ಹಿಡಿದು ನಿಂತ ಒಬ್ಬ ಅಜ್ಜಿ ಮಾತ್ರ. ಹೆಂಚಿನ ಮನೆಗಳು, ಒಪ್ಪವಾಗಿ ಕತ್ತರಿಸಿದ ಬೇಲಿಗಳು, ಮಧ್ಯಾಹ್ನದ ನಿದ್ದೆಯಲ್ಲಿರುವಂಥ ಬೀದಿಗಳು.

"ಬೆಂಗಳೂರಿಂದ ಇಷ್ಟು ದೂರ ಬಂದು ನೋಡೋದು ಇದನ್ನೇನೋ?" ಎಂದೆ ಮಗನಿಗೆ.

"ಬೀಟಲ್ಸ್‌ನ ಪಾಲ್ ಮೆಕಾರ್ಟ್ನಿ ಇದ್ದಾರಲ್ಲ ಅಪ್ಪ, ಅವರ ಮೊದಲನೇ ಗಿಟಾರೂ ಮೊದಲನೇ ಬೇಸೂ ಈ ಸುತ್ತಮುತ್ತಲೇ ಹುಟ್ಟಿದ್ದು. ಅವರೂ ನನ್ನ ಹಾಗೆ ಎಡಚರು," ಎಂದ.

ಹಾಗೆನ್ನುತ್ತಾ ರೈಲಿನ ಟಿಕೆಟ್ಟನ್ನು ಎಡಗೈಯಲ್ಲಿ ಜೇಬಿನಿಂದ ತೆಗೆದು, ಬಲಗೈಗೆ ಬದಲಾಯಿಸಿ, ನನಗೆ ಕೊಟ್ಟ. ಇಪ್ಪತ್ತು ವರ್ಷದ ಅಭ್ಯಾಸ. ಆ ಅಭ್ಯಾಸ ಮಾಡಿಸಿದವನು ನಾನೇ.

ಸ್ಲೇಟಿನಿಂದ ಗಿಟಾರಿನವರೆಗೆ

ಮಗ ಎರ್ಲಾಂಗೆನ್ ವಿಶ್ವವಿದ್ಯಾಲಯದಲ್ಲಿ ಎಂ.ಎಸ್. ಓದುತ್ತಿದ್ದಾನೆ. ಸೀಮೆನ್ಸ್ ಕಂಪನಿಯಿಂದಾಗಿ ಬೆಂಗಳೂರಿನ ಎಂಜಿನಿಯರುಗಳಿಗೆ ಈ ಊರು ಹೊಸದೇನಲ್ಲ. ಸಂಜೆ ಪೇಟೆ ಬೀದಿಯಲ್ಲಿ ಕನ್ನಡ ಕಿವಿಗೆ ಬಿದ್ದರೆ ಆಶ್ಚರ್ಯಪಡಬೇಕಾಗಿಲ್ಲ. ಕಳೆದ ಮೇ ತಿಂಗಳಲ್ಲಿ ನಾನು ಅವನನ್ನು ನೋಡಲು ಹೋದಾಗ, "ಕೋಟೆ, ಅರಮನೆ ಆಮೇಲೆ ನೋಡೋಣ. ಮೊದಲು ನನ್ನ ಜೊತೆ ಎರಡು ಊರಿಗೆ ಬಾ," ಎಂದು ಹೊರಡಿಸಿದ. ಆ ಎರಡು ಊರುಗಳ ಕಥೆಯೇ ಈ ಲೇಖನ.

ಅದಕ್ಕೆ ಮುಂಚೆ ನಮ್ಮ ಮನೆಯ ಕಥೆ ಒಂದಿಷ್ಟು ಹೇಳಬೇಕು. ಮಗು ಬಳಪ ಹಿಡಿಯುವ ಕಾಲಕ್ಕೇ ಅವನು ಎಡಚ ಎಂದು ಗೊತ್ತಾಯಿತು. ನಮ್ಮಲ್ಲಿ ಊಟ, ಪ್ರಸಾದ, ದುಡ್ಡು, ಕುಂಕುಮ ಎಲ್ಲವೂ ಬಲಗೈಯದೇ ತಾನೆ? ನಮ್ಮಮ್ಮ ಅವನ ಎಡಗೈಯಿಂದ ತುತ್ತು ಬಿಡಿಸುತ್ತಿದ್ದರು. ನಾನು ಬಳಪ ಬಿಡಿಸುತ್ತಿದ್ದೆ. ಶಾಲೆಯಲ್ಲಿ ಮಿಸ್ಸು ಸ್ಕೇಲಿನಿಂದ ಬೆರಳಿಗೆ ತಟ್ಟುತ್ತಿದ್ದರು. ಕೊನೆಗೆ ಹೇಗೋ ಒಂದು ರಾಜಿಯಾಯಿತು. ಊಟ ಬಲಗೈಯಲ್ಲಿ, ಬರವಣಿಗೆ ಎಡಗೈಯಲ್ಲಿ, ಏನನ್ನಾದರೂ ಕೊಡುವಾಗ ಕೈ ಬದಲಾವಣೆ. ಸಮಸ್ಯೆ ಮುಗಿಯಿತು ಎಂದುಕೊಂಡೆವು.

ಒಂಬತ್ತನೇ ಕ್ಲಾಸಿನಲ್ಲಿ ಅವನಿಗೆ ಬೇಸ್ ಗಿಟಾರಿನ ಹುಚ್ಚು ಹತ್ತಿತು. ಅಂಗಡಿಗೆ ಕರೆದುಕೊಂಡು ಹೋದೆ. ಗೋಡೆ ತುಂಬ ಗಿಟಾರುಗಳಿದ್ದವು. ಎಡಗೈಯವರದು ಒಂದೂ ಇರಲಿಲ್ಲ. "ತಂತಿ ತಿರುಗಾಮುರುಗಾ ಮಾಡಿ ಹಾಕ್ಕೊಡ್ತೀನಿ ಸಾರ್, ಅಡ್ಜಸ್ಟ್ ಆಗುತ್ತೆ," ಎಂದರು ಅಂಗಡಿಯವರು. ನಾನೂ "ಅಡ್ಜಸ್ಟ್ ಮಾಡ್ಕೊಳ್ಳೋ" ಎಂದೆ. ಒಂಬತ್ತು ವರ್ಷ ಅವನು ಅಡ್ಜಸ್ಟ್ ಮಾಡಿಕೊಂಡ.

ತಂತಿ ತಿರುಗಿಸಿದರೆ ಸಾಲದೆ?

ಬೇಸ್ ಗಿಟಾರ್ ಎಂದರೆ ವಾದ್ಯಮೇಳದ ಮಂದ್ರಸ್ಥಾಯಿ. ಸಾಮಾನ್ಯವಾಗಿ ನಾಲ್ಕೇ ತಂತಿ. ಎಲ್ಲಕ್ಕಿಂತ ದಪ್ಪ ತಂತಿ ಮೀಟಿದರೆ ಸೆಕೆಂಡಿಗೆ ಸುಮಾರು 41 ಸಲ ಕಂಪಿಸುತ್ತದೆ. ಕಿವಿಗಿಂತ ಎದೆಗೆ ಕೇಳಿಸುವ ನಾದ ಅದು. ಅಮೆರಿಕದ ಕ್ಯಾಲಿಫೋರ್ನಿಯಾದ ಫುಲರ್ಟನ್ ಊರಿನಲ್ಲಿ ಲಿಯೋ ಫೆಂಡರ್ 1951ರಲ್ಲಿ ಮಾರುಕಟ್ಟೆಗೆ ತಂದ ಪ್ರಿಸಿಷನ್ ಬೇಸ್‌ನಿಂದ ಈ ವಾದ್ಯ ಮನೆಮಾತಾಯಿತು. ಬಲಗೈಯವರು ಎಡಗೈಯಲ್ಲಿ ಕತ್ತು ಹಿಡಿದು ತಂತಿ ಒತ್ತುತ್ತಾರೆ, ಬಲಗೈಯಲ್ಲಿ ಮೀಟುತ್ತಾರೆ. ಎಡಚರಿಗೆ ಇದು ಉಲ್ಟಾ.

ಹಾಗಿದ್ದರೆ ವಾದ್ಯವನ್ನು ತಿರುಗಿಸಿ ಹಿಡಿದರೆ ಆಯಿತಲ್ಲ ಎಂದು ನಾನೂ ಅಂದುಕೊಂಡಿದ್ದೆ. ಮೃದಂಗದಲ್ಲಿ ಹಾಗೆಯೇ ಆಗುತ್ತದೆ. ಪಳನಿ ಸುಬ್ರಹ್ಮಣ್ಯ ಪಿಳ್ಳೈ ಅವರಂಥ ಮಹಾನ್ ಮೃದಂಗ ವಿದ್ವಾಂಸರು ಎಡಗೈಯವರು. ಅವರಿಗೆ ಬೇರೆ ವಾದ್ಯ ಬೇಕಿರಲಿಲ್ಲ; ವೇದಿಕೆಯ ಮೇಲೆ ಕೂರುವ ಜಾಗದ ಪ್ರಶ್ನೆಯಷ್ಟೇ. ಆದರೆ ತಂತಿವಾದ್ಯ ಹಾಗಲ್ಲ.

ವೀಣೆ ಬಲ್ಲವರಿಗೆ ಅರ್ಥವಾಗುವ ಹಾಗೆ ಹೇಳುತ್ತೇನೆ. ಬೇಸ್‌ಗೂ ಮೇರು ಇದೆ, ಕುದುರೆ ಇದೆ, ಬಿರಡೆ ಇದೆ, ಮೆಟ್ಟಿಲುಗಳಿವೆ. ಮೇರುವಿನಲ್ಲಿ ಪ್ರತಿ ತಂತಿಗೂ ಅದರ ದಪ್ಪಕ್ಕೆ ತಕ್ಕ ಕಚ್ಚು. ದಪ್ಪ ತಂತಿ ಸುಮಾರು ಎರಡೂವರೆ ಮಿಲಿಮೀಟರ್, ಸಣ್ಣದು ಒಂದಕ್ಕಿಂತ ತುಸು ಹೆಚ್ಚು. ತಂತಿ ಅದಲುಬದಲು ಮಾಡಿದರೆ ಸಣ್ಣ ತಂತಿ ದೊಡ್ಡ ಕಚ್ಚಿನಲ್ಲಿ ಓಲಾಡಿ ಝೀ ಎನ್ನುತ್ತದೆ, ದಪ್ಪ ತಂತಿ ಸಣ್ಣ ಕಚ್ಚಿನಲ್ಲಿ ಕೂರುವುದೇ ಇಲ್ಲ. ಮೇಲಿನ ಮೆಟ್ಟಿಲುಗಳಿಗೆ ಕೈ ಹೋಗಲೆಂದು ಮರವನ್ನು ಕೆಳಗಡೆ ಕೊರೆದಿರುತ್ತಾರೆ; ತಿರುಗಿಸಿದರೆ ಆ ಕೊರೆತ ಮೇಲಕ್ಕೆ ಬಂದು ನಿರುಪಯೋಗಿ. ಹೆಗಲಪಟ್ಟಿ ಸಿಕ್ಕಿಸುವ ಉದ್ದನೆಯ ಕೊಂಬು ಕೆಳಕ್ಕೆ ಹೋಗುವುದರಿಂದ ವಾದ್ಯದ ಸಮತೋಲ ತಪ್ಪಿ ಕತ್ತು ನೆಲದತ್ತ ಜಗ್ಗುತ್ತದೆ. ಶಬ್ದ ಏರಿಸಿ ಇಳಿಸುವ ಗುಂಡಿಗಳು ಮೊಣಕೈಗೆ ತಾಗಿ, ನುಡಿಸುತ್ತಿರುವಾಗಲೇ ಶಬ್ದ ಅಡಗಿಹೋಗುತ್ತದೆ. ಎಷ್ಟನೇ ಮೆಟ್ಟಿಲು ಎಂದು ತೋರಿಸುವ ಅಂಚಿನ ಚುಕ್ಕೆಗಳು ಕೆಳಮುಖವಾಗಿ ಕಾಣದೇ ಹೋಗುತ್ತವೆ.

ಇದನ್ನೆಲ್ಲ ಮೀರಿ ನುಡಿಸಿದವರು ಇಲ್ಲದಿಲ್ಲ. ಜಿಮಿ ಹೆಂಡ್ರಿಕ್ಸ್ ಬಲಗೈ ಗಿಟಾರನ್ನೇ ತಿರುಗಿಸಿ ತಂತಿ ಬದಲಿಸಿಕೊಂಡು ಲೋಕ ಗೆದ್ದರು. ಬೇಸ್ ವಾದಕ ಜಿಮ್ಮಿ ಹ್ಯಾಸ್ಲಿಪ್ ತಂತಿಯನ್ನೂ ಬದಲಿಸದೆ, ದಪ್ಪ ತಂತಿ ಕೆಳಗಿರುವಂತೆಯೇ ನುಡಿಸುತ್ತಾರೆ. ಮಾರ್ಕ್ ನಾಪ್‌ಫ್ಲರ್ ಎಡಚರಾದರೂ ಬಲಗೈಯವರಂತೆ ಗಿಟಾರ್ ಕಲಿತರು. ಆದರೆ ಹತ್ತು ಜನರಲ್ಲಿ ಒಬ್ಬರು ಎಡಚರಿರುವ ಲೋಕದಲ್ಲಿ ಎಲ್ಲರೂ ಹೆಂಡ್ರಿಕ್ಸ್ ಆಗಲೇಬೇಕು ಎಂದು ಹಟ ಹಿಡಿಯುವುದು ನ್ಯಾಯವೇ?

ಊರು ಬಿಟ್ಟು ಬಂದವರ ಊರು

ಈಗ ಬೂಬೆನ್‌ರಾಯ್ಟ್‌ಗೆ ಬರೋಣ. ಎರಡನೇ ಮಹಾಯುದ್ಧ ಮುಗಿದಾಗ ಇದು ನಾನೂರು ಚಿಲ್ಲರೆ ಜನರಿದ್ದ ಒಕ್ಕಲುತನದ ಹಳ್ಳಿ. ಪೂರ್ವಕ್ಕೆ, ಗಡಿಯಾಚೆಯ ಬೊಹೀಮಿಯಾದಲ್ಲಿ ಶೋನ್‌ಬಾಖ್ ಎಂಬ ಊರಿತ್ತು. ಈಗಿನ ಚೆಕ್ ಗಣರಾಜ್ಯದ ಲೂಬಿ. ಅಲ್ಲಿ ಮನೆಮನೆಯಲ್ಲೂ ಪಿಟೀಲು ಮಾಡುವ ಜರ್ಮನ್ ಭಾಷಿಕರಿದ್ದರು. ಯುದ್ಧದ ನಂತರ ಚೆಕೊಸ್ಲೊವಾಕಿಯಾ ತನ್ನ ಜರ್ಮನ್ ಭಾಷಿಕರನ್ನು ಹೊರಗೆ ಕಳಿಸಿತು. ತಲೆಮಾರುಗಳ ಕಸುಬುದಾರರು ಗಂಟುಮೂಟೆ ಕಟ್ಟಿಕೊಂಡು ಬೀದಿಗೆ ಬಿದ್ದರು.

ಅವರು ಅಲ್ಲೊಬ್ಬರು ಇಲ್ಲೊಬ್ಬರು ಚದುರಿಹೋದರೆ ಕಸುಬೇ ಸಾಯುತ್ತದೆ. ಏಕೆಂದರೆ ಒಬ್ಬರು ಬಿರಡೆ ಮಾಡಿದರೆ, ಇನ್ನೊಬ್ಬರು ಕಮಾನು, ಮತ್ತೊಬ್ಬರು ಕುದುರೆ. ಅವರನ್ನು ಒಟ್ಟಾಗಿ ನೆಲೆಗೊಳಿಸುವ ಪ್ರಯತ್ನ ನಡೆಯಿತು. 1949ರಲ್ಲಿ ಬೂಬೆನ್‌ರಾಯ್ಟ್ ಗ್ರಾಮಸಭೆ ಅವರನ್ನು ಬರಮಾಡಿಕೊಳ್ಳಲು ಒಪ್ಪಿತು. ತಮಗಿಂತ ಹಲವು ಪಟ್ಟು ಹೆಚ್ಚು ಜನರಿಗೆ ನಾನೂರು ಜನರ ಹಳ್ಳಿ ಜಾಗ ಕೊಟ್ಟಿತು! ಹೊಲಗಳ ನಡುವೆ ಪಿಟೀಲು ಕಸುಬಿನವರ ಬಡಾವಣೆ ಎದ್ದಿತು. ನಾವು ಆ ಬೀದಿಗಳಲ್ಲಿ ಅಡ್ಡಾಡಿದೆವು. ಈಗ ಉಳಿದ ಮನೆಗಳಂತೆಯೇ ಕಾಣುತ್ತವೆ. ಊರಿನಲ್ಲಿ ಬೂಬೆನ್‌ರಾಯ್ಟೇಉಮ್ ಎಂಬ ಸಂಗ್ರಹಾಲಯ ಈ ನೆನಪನ್ನು ಕಾಪಾಡಿಕೊಂಡಿದೆ.

ಹಾಗೆ ಬಂದವರಲ್ಲಿ ಎರಡು ಹೆಸರು ಮುಖ್ಯ. ಒಂದು, 1887ರಲ್ಲಿ ಶೋನ್‌ಬಾಖ್‌ನಲ್ಲಿ ಕಾರ್ಲ್ ಹೊಫ್ನರ್ ಆರಂಭಿಸಿದ ಸಂಸ್ಥೆ. ಇನ್ನೊಂದು, ಫ್ರೆಡ್ ವಿಲ್ಫರ್ 1946ರಲ್ಲಿ ಎರ್ಲಾಂಗೆನ್‌ನಲ್ಲಿ ಸ್ಥಾಪಿಸಿದ ಫ್ರಾಮುಸ್. ಪಿಟೀಲು ಮಾಡುತ್ತಿದ್ದ ಕೈಗಳು ಕಾಲಕ್ಕೆ ತಕ್ಕಂತೆ ಗಿಟಾರು ಮಾಡಲು ಕಲಿತವು. ಕಾರ್ಲ್ ಅವರ ಮಗ ವಾಲ್ಟರ್ ಹೊಫ್ನರ್ 1950ರ ದಶಕದ ನಡುವಿನಲ್ಲಿ ಒಂದು ಬೇಸ್ ಗಿಟಾರ್ ರೂಪಿಸಿದರು. ಪಿಟೀಲಿನದೇ ಆಕಾರ, ಒಳಗೆ ಪೊಳ್ಳು, ಹಗುರ. ಮಾದರಿ ಸಂಖ್ಯೆ 500/1.

ಇಂಗ್ಲೆಂಡಿನ ಲಿವರ್‌ಪೂಲ್‌ನಲ್ಲಿ ಮೆಕಾರ್ಟ್ನಿಯವರ ತಂದೆ ಮಗನ ಹುಟ್ಟುಹಬ್ಬಕ್ಕೆ ಟ್ರಂಪೆಟ್ ತಂದುಕೊಟ್ಟಿದ್ದರು. ಹುಡುಗ ಅದನ್ನು ಕೊಟ್ಟು ಬದಲಿಗೆ ಜೆನಿತ್ ಗಿಟಾರ್ ತಂದ. ಮಾಡಿದ್ದು ಫ್ರಾಮುಸ್. ಎಷ್ಟು ತಿಣುಕಿದರೂ ನುಡಿಸಲು ಬರಲಿಲ್ಲ. ಸ್ಲಿಮ್ ವಿಟ್ಮನ್ ಎಂಬ ಗಾಯಕ ಗಿಟಾರನ್ನು ತಿರುಗಾಮುರುಗಾ ಹಿಡಿದಿದ್ದ ಚಿತ್ರ ನೋಡಿದಾಗಲೇ ತನ್ನ ಕಷ್ಟದ ಕಾರಣ ಹೊಳೆದಿದ್ದು. ತಂತಿಗಳನ್ನು ಉಲ್ಟಾ ಹಾಕಿಕೊಂಡ. 1961ರಲ್ಲಿ ಹ್ಯಾಂಬರ್ಗ್‌ನ ಕ್ಲಬ್ಬುಗಳಲ್ಲಿ ಬೀಟಲ್ಸ್ ನುಡಿಸುತ್ತಿದ್ದಾಗ ತಂಡದ ಬೇಸ್ ವಾದಕ ಸ್ಟೂವರ್ಟ್ ಸಟ್‌ಕ್ಲಿಫ್ ಬಿಟ್ಟುಹೋದರು. ಬೇಸ್ ಮೆಕಾರ್ಟ್ನಿಯವರ ಹೆಗಲಿಗೆ ಬಿತ್ತು. ಫೆಂಡರ್ ಬೇಸ್‌ಗೆ ನೂರು ಪೌಂಡ್ ಆಸುಪಾಸು. ಆ ನಗರದ ಸ್ಟೈನ್‌ವೇ ಅಂಗಡಿಯಲ್ಲಿ ಹೊಫ್ನರ್ ಸುಮಾರು ಮೂವತ್ತು ಪೌಂಡಿಗೆ ಸಿಕ್ಕಿತು. ಪಿಟೀಲಿನ ಆಕಾರ ಎರಡೂ ಕಡೆ ಒಂದೇ ತರಹ ಇರುವುದರಿಂದ ಎಡಗೈಯಲ್ಲಿ ಹಿಡಿದರೂ ವಿಕಾರವಾಗಿ ಕಾಣುವುದಿಲ್ಲ ಎಂಬುದೂ ಅವರಿಗೆ ಹಿಡಿಸಿತು.

ಆ ಬೇಸ್ 1972ರಲ್ಲಿ ಲಂಡನ್ನಿನ ನಾಟಿಂಗ್ ಹಿಲ್‌ನಲ್ಲಿ ವ್ಯಾನಿನಿಂದ ಕಳುವಾಯಿತು. ಐವತ್ತು ವರ್ಷ ದಾಟಿದ ಮೇಲೆ, ಇಂಗ್ಲೆಂಡಿನ ಒಂದು ಮನೆಯ ಅಟ್ಟದಲ್ಲಿ ಪತ್ತೆಯಾಗಿ ಒಡೆಯನ ಕೈಸೇರಿದ ಸುದ್ದಿ 2024ರ ಫೆಬ್ರವರಿಯಲ್ಲಿ ಜಗತ್ತಿಗೆಲ್ಲ ತಿಳಿಯಿತು. ಅದೇ ಡಿಸೆಂಬರಿನಲ್ಲಿ 82ರ ಮೆಕಾರ್ಟ್ನಿ ಲಂಡನ್ ವೇದಿಕೆಯಲ್ಲಿ ಅದನ್ನು ಮತ್ತೆ ನುಡಿಸಿದರು.

ಇಷ್ಟೆಲ್ಲ ಹೇಳಿದ ಮಗ, "ಅವರಪ್ಪನೂ ಟ್ರಂಪೆಟ್ ತಂದುಕೊಟ್ಟಿದ್ದರು ನೋಡು, ಅಪ್ಪಂದಿರೆಲ್ಲ ಒಂದೇ," ಎಂದು ನಕ್ಕ. ನಾನೂ ನಕ್ಕೆ, ಆದರೆ ಚುರುಕ್ಕೆಂದಿತು.

ವಾದ್ಯಗಳ ಮೂಲೆ

ಮರುದಿನ ಬೆಳಗಿನ ರೈಲಿಗೇ ಮಾರ್ಕ್‌ನಾಯ್‌ಕಿರ್ಶೆನ್‌ಗೆ ಹೊರಟೆವು. ನ್ಯೂರೆಂಬರ್ಗ್, ಹೋಫ್, ಪ್ಲೌಯೆನ್ ದಾಟಿ ಆಡೋರ್ಫ್‌ನಲ್ಲಿ ಇಳಿದು, ಅಲ್ಲಿಂದ ಬಸ್ಸು. ಸ್ಯಾಕ್ಸನಿ ರಾಜ್ಯದ ತುದಿ, ಚೆಕ್ ಗಡಿ ಪಕ್ಕದಲ್ಲೇ. ಸ್ಪ್ರೂಸ್ ಮರಗಳ ಕಾಡು, ಏರಿಳಿಯುವ ಗುಡ್ಡ, ಕಣಿವೆಯಲ್ಲಿ ಒತ್ತೊತ್ತಾದ ಊರು. ಬಸ್ಸಿನಿಂದ ಇಳಿದು ಕಾಲು ಗಂಟೆ ನಡೆಯುವಷ್ಟರಲ್ಲಿ ಪಿಟೀಲು, ಕಮಾನು, ಕಹಳೆ ಮಾಡುವವರ ಬೋರ್ಡುಗಳು ಸಾಲುಸಾಲಾಗಿ ಕಂಡವು. ಈ ಸೀಮೆಗೆ ವಾದ್ಯಗಳ ಮೂಲೆ ಎಂದೇ ಹೆಸರು.

ಇದೂ ಊರು ಬಿಟ್ಟು ಬಂದವರಿಂದಲೇ ಬೆಳೆದದ್ದು ಎಂಬುದು ಸ್ವಾರಸ್ಯ. ಬೊಹೀಮಿಯಾದಲ್ಲಿ ಪ್ರಾಟೆಸ್ಟೆಂಟರಿಗೆ ಬಾಳಲಾಗದೆ ಗಡಿ ದಾಟಿ ಬಂದ ಹನ್ನೆರಡು ಪಿಟೀಲು ಕುಶಲಕರ್ಮಿಗಳು 1677ರಲ್ಲಿ ಇಲ್ಲಿ ಸಂಘ ಕಟ್ಟಿದರು. ನಮ್ಮ ಚನ್ನಪಟ್ಟಣದಲ್ಲಿ ಬೊಂಬೆ ಕಡೆಯುವ ಹಾಗೆ ಇಲ್ಲಿ ಮನೆಮನೆಯಲ್ಲಿ ವಾದ್ಯದ ಒಂದೊಂದು ಅಂಗ ತಯಾರಾಗುತ್ತಿತ್ತು. ವರ್ತಕರು ಕೂಡಿಸಿ ಹೊರದೇಶಕ್ಕೆ ಕಳಿಸುತ್ತಿದ್ದರು. ಅಮೆರಿಕಕ್ಕೆ ಎಷ್ಟು ಮಾಲು ಹೋಗುತ್ತಿತ್ತೆಂದರೆ, ಈ ಸಣ್ಣ ಊರಿನಲ್ಲಿ 1893ರಲ್ಲಿ ಆ ದೇಶ ತನ್ನ ದೂತಾವಾಸ ಕಚೇರಿಯನ್ನೇ ತೆರೆಯಿತು.

ಗಿಟಾರಿನ ಚರಿತ್ರೆಗೂ ಈ ಊರಿಗೂ ನಂಟಿದೆ. ಕ್ರಿಶ್ಚಿಯನ್ ಫ್ರೆಡರಿಕ್ ಮಾರ್ಟಿನ್ 1796ರಲ್ಲಿ ಹುಟ್ಟಿದ್ದು ಇಲ್ಲೇ. ಅವರ ಮನೆತನ ಬಡಗಿಗಳ ಸಂಘಕ್ಕೆ ಸೇರಿದ್ದು. ಗಿಟಾರ್ ಮಾಡುವ ಹಕ್ಕು ತಮಗೆ ಮಾತ್ರ ಎಂದು ಪಿಟೀಲಿನವರು ತಗಾದೆ ತೆಗೆದರು. ರೋಸಿಹೋದ ಮಾರ್ಟಿನ್ 1833ರಲ್ಲಿ ಅಮೆರಿಕಕ್ಕೆ ಹೊರಟುಹೋದರು. ಜಗತ್ಪ್ರಸಿದ್ಧ ಮಾರ್ಟಿನ್ ಗಿಟಾರ್ ಕಂಪನಿ ಹುಟ್ಟಿದ್ದು ಹೀಗೆ. "ಇದನ್ನು ಇವರೇ ಮಾಡಬೇಕು, ಹೀಗೇ ಮಾಡಬೇಕು" ಎಂಬ ಹಟದಿಂದ ಒಂದು ಊರು ಏನನ್ನು ಕಳೆದುಕೊಳ್ಳಬಹುದು ನೋಡಿ.

ಪಾವ್ಲುಸ್ ಶ್ಲೋಸೆಲ್ ಎಂಬ ಹದಿನೆಂಟನೇ ಶತಮಾನದ ಚೆಂದದ ಕಟ್ಟಡದಲ್ಲಿ ಇಲ್ಲಿನ ವಾದ್ಯ ಸಂಗ್ರಹಾಲಯವಿದೆ. 1883ರಲ್ಲಿ ಆರಂಭವಾದದ್ದು, ದೇಶವಿದೇಶಗಳ ಮೂರು ಸಾವಿರಕ್ಕೂ ಹೆಚ್ಚು ವಾದ್ಯಗಳಿವೆ. ಕುಶಲಕರ್ಮಿಗಳು ನೋಡಿ ಕಲಿಯಲಿ ಎಂದೇ ಕೂಡಿಹಾಕಿದ ಸಂಗ್ರಹ. ವಿದ್ಯಾರ್ಥಿಗಳು ಗಮನಿಸಬೇಕಾದ ಇನ್ನೊಂದು ಸಂಗತಿ: ತ್ಸ್ವಿಕಾವ್ ನಗರದ ವಿಶ್ವವಿದ್ಯಾಲಯ ಈ ಊರಿನಲ್ಲಿ ವಾದ್ಯ ತಯಾರಿಕೆಯನ್ನೇ ಪದವಿ ವಿಷಯವಾಗಿ ಕಲಿಸುತ್ತದೆ. ಉಳಿ ಹಿಡಿಯುವುದಕ್ಕೂ ಪದವಿ!

ಬೂಬೆನ್‌ರಾಯ್ಟ್‌ನ ಕಥೆ ಇಲ್ಲಿಗೆ ಬಂದು ಕೂಡಿಕೊಳ್ಳುತ್ತದೆ. ಫ್ರಾಮುಸ್ 1970ರ ದಶಕದಲ್ಲಿ ಮುಳುಗಿತು. ಫ್ರೆಡ್ ವಿಲ್ಫರ್ ಅವರ ಮಗ ಹಾನ್ಸ್ ಪೀಟರ್ ವಿಲ್ಫರ್ 1982ರಲ್ಲಿ ವಾರ್ವಿಕ್ ಎಂಬ ಬೇಸ್ ಗಿಟಾರ್ ಕಂಪನಿ ಆರಂಭಿಸಿ, ಎರಡು ಜರ್ಮನಿಗಳು ಒಂದಾದ ಮೇಲೆ, 1995ರಲ್ಲಿ ಅದನ್ನು ಮಾರ್ಕ್‌ನಾಯ್‌ಕಿರ್ಶೆನ್‌ಗೆ ತಂದರು. ಅಪ್ಪ ಬಿಟ್ಟುಬಂದ ಶೋನ್‌ಬಾಖ್ ಇಲ್ಲಿಂದ ಗುಡ್ಡದಾಚೆ. ಫ್ರಾಮುಸ್ ಹೆಸರಿನ ಒಂದು ಸಂಗ್ರಹಾಲಯವೂ ಈ ಊರಿನಲ್ಲಿ ಆಯಿತು.

ಮೈಸ್ಟರ್ ಮೇಷ್ಟ್ರು

ಬೆಂಗಳೂರಿನಲ್ಲಿ ಬುಟೀಕ್ ಎಂದರೆ ಸೀರೆ ಕುಪ್ಪಸದ ಅಂಗಡಿ. ಗಿಟಾರಿನ ಲೋಕದಲ್ಲಿ, ಒಬ್ಬಿಬ್ಬರೇ ಕೂತು ಗಿರಾಕಿಯ ಕೈ ಅಳತೆಗೆ ವಾದ್ಯ ಮಾಡಿಕೊಡುವ ಸಣ್ಣ ಕಾರ್ಖಾನೆಗೆ ಆ ಹೆಸರು. 1969ರ ಸುಮಾರಿಗೆ ಕ್ಯಾಲಿಫೋರ್ನಿಯಾದ ಅಲೆಂಬಿಕ್ ಬೇಸ್‌ನಲ್ಲಿ ಈ ಪದ್ಧತಿಗೆ ನಾಂದಿ ಹಾಡಿತು. ಎಡಗೈಯವರು ಹೆಚ್ಚಾಗಿ ಇಂಥವರ ಬಾಗಿಲಿಗೇ ಬರಬೇಕು. ದೊಡ್ಡ ಕಂಪನಿಗಳು ಇಪ್ಪತ್ತು ಮಾದರಿ ಮಾಡಿದರೆ ಎಡಗೈಗೆ ಒಂದೋ ಎರಡೋ. ಬಣ್ಣ ಅವರು ಕೊಟ್ಟದ್ದು. ಅಂಗಡಿಯವರು ಅದನ್ನೂ ತರಿಸುವುದಿಲ್ಲ, ದುಡ್ಡು ಕಟ್ಟಿಹಾಕಿಕೊಂಡು ಕೂರಬೇಕಲ್ಲ ಎಂಬ ಭಯ.

ಮಗ ಮೊದಲೇ ಬರೆದು ಸಮಯ ಕೇಳಿದ್ದ ಒಂದು ಕಾರ್ಖಾನೆಗೆ ಹೋದೆವು. ಊರಾಚೆಯ ಮನೆಯ ಹಿತ್ತಿಲು. ಬಾಗಿಲು ತೆಗೆದರೆ ಮರದ ಹೊಟ್ಟಿನ ಘಮ. ಅರವತ್ತು ದಾಟಿದ ಮೈಸ್ಟರ್. ಇಲ್ಲಿ ಕಸುಬಿನ ಪರೀಕ್ಷೆ ಪಾಸು ಮಾಡಿದವರಿಗಷ್ಟೇ ಆ ಬಿರುದು. ನಮ್ಮ ಮೇಷ್ಟ್ರು ಎಂಬ ಮಾತಿಗೆ ದೂರದ ನೆಂಟ.

ಗೋಡೆಯ ಮೇಲೆ ತೂಗುಹಾಕಿದ್ದ ಬೇಸ್ ಆಕಾರದ ಪ್ಲೈವುಡ್ ಅಚ್ಚನ್ನು ಇಳಿಸಿ ನನ್ನ ಮುಂದಿಟ್ಟರು. ಹಾಗೇ ತಿರುವಿ ಹಾಕಿದರು. "ಇದು ಎಡಗೈ. ಆಯಿತು," ಎಂದರು. ಮಗ ಕನ್ನಡಕ್ಕೆ ತಂದ. ಒಂಬತ್ತು ವರ್ಷದ ಕಷ್ಟ ಇಷ್ಟು ಸುಲಭವೇ ಎಂದು ನಾನು ಬೆಪ್ಪಾದೆ. ಅವರು ನಕ್ಕು, "ಆಗಿದ್ದು ಮೈ ಮಾತ್ರ," ಎಂದು ಉಳಿದದ್ದನ್ನು ತೋರಿಸಿದರು. ಮೇರು ಬೇರೆ ಕಡೆಯಬೇಕು, ಅಂಚಿನ ಚುಕ್ಕೆ ಇನ್ನೊಂದು ಬದಿಗೆ ಬರಬೇಕು, ಬಿರಡೆಗಳು ಎದುರು ಸಾಲಿನವು ಬೇಕು. ಕತ್ತಿನ ಉಬ್ಬು ಒಂದು ಬದಿಗೆ ಹೆಚ್ಚಿದ್ದರೆ ಅದನ್ನೂ ಬದಲಿಸಬೇಕು. ಶಬ್ದದ ಗುಂಡಿಯಲ್ಲೂ ಗುಟ್ಟಿದೆ: ತಿರುಗಿಸಿದಂತೆ ಶಬ್ದ ಹದವಾಗಿ ಏರಬೇಕಾದರೆ ಎಡಗೈಯವರಿಗೆ ಎದುರು ದಿಕ್ಕಿನ ಗುಂಡಿಯೇ ಬೇಕು, ಮಾಮೂಲಿಯದನ್ನು ತಂತಿ ಬದಲಿಸಿ ಜೋಡಿಸಿದರೆ ಶಬ್ದ ಒಮ್ಮೆಲೇ ಹಾರುತ್ತದೆ. ಕೈಯಲ್ಲಿ ಮಾಡುವವರಿಗೆ ಇದೆಲ್ಲ ಕೆಲಸ ಹೌದು, ಆದರೆ ಅಡ್ಡಿಯಲ್ಲ. ಯಂತ್ರದ ಸಾಲಿನಲ್ಲಿ ಮಾಡುವವರಿಗೆ ಸಾಲನ್ನೇ ನಿಲ್ಲಿಸಿ ಬದಲಿಸಬೇಕು, ಅದಕ್ಕೇ ಅವರು ಒಲ್ಲರು.

ಮೆಟ್ಟಿಲು ಕೂರಿಸುವ ಪಟ್ಟಿಯ ಮರವನ್ನು ಬೆರಳಿನಿಂದ ತಟ್ಟಿ ನನ್ನ ಕಿವಿಯ ಹತ್ತಿರ ಹಿಡಿದರು. ಗಂಟೆಯಂತೆ ನುಡಿಯಿತು. "ಇದು ನಿಮ್ಮ ದೇಶದ್ದು," ಎಂದರು. ಬೀಟೆ! ನಮ್ಮ ಪಶ್ಚಿಮ ಘಟ್ಟದ ಬೀಟೆ ಮರ ಎಲ್ಲಿಗೆ ಬಂದು ಕೂತಿದೆ! 2017ರಿಂದ ಈ ಜಾತಿಯ ಮರಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಪರವಾನಗಿ ಬೇಕಾಗಿತ್ತು. ತಯಾರಾದ ವಾದ್ಯಗಳಿಗೆ 2019ರ ಕೊನೆಯಲ್ಲಿ ವಿನಾಯಿತಿ ಸಿಕ್ಕಿತು.

ಆಮೇಲೆ ಮಗನ ಕೈಗೆ ಒಂದು ಪೊರಕೆ ಕೋಲು ಕೊಟ್ಟು, "ಯೋಚನೆ ಮಾಡದೆ ಗಿಟಾರ್ ಎಂದುಕೊಂಡು ಬಾರಿಸು," ಎಂದರು. ಎಡಗೈ ತಾನಾಗಿ ಮೀಟಲು ಹೋಯಿತು. ತಲೆಯಾಡಿಸಿ ಒಳಗೆ ಹೋದವರು, ಯಾರೋ ಗಿರಾಕಿ ಮೆಟ್ಟಿಲು ಬದಲಿಸಲು ಬಿಟ್ಟುಹೋಗಿದ್ದ ಎಡಗೈ ಬೇಸನ್ನು ತಂದು ಅವನ ಹೆಗಲಿಗೆ ಹಾಕಿದರು.

ಮಗ ನುಡಿಸಿದ. ಸಂಗೀತ ನನಗೆ ತಿಳಿಯದು. ನಾನು ನೋಡಿದ್ದು ಅವನ ಹೆಗಲನ್ನು. ಮನೆಯಲ್ಲಿ ನುಡಿಸುವಾಗ ಬಲ ಹೆಗಲು ಎತ್ತಿ, ಜಗ್ಗುವ ಕತ್ತನ್ನು ಅಂಗೈಯಲ್ಲಿ ಹೊತ್ತು, ಮೊಣಕೈಯನ್ನು ಗುಂಡಿಯಿಂದ ದೂರ ಹಿಡಿದು ಬಗ್ಗಿ ನಿಲ್ಲುತ್ತಿದ್ದ. ಅದು ಅವನು ನಿಲ್ಲುವ ರೀತಿ ಎಂದೇ ತಿಳಿದಿದ್ದೆ. "ನೆಟ್ಟಗೆ ನಿಲ್ಲೋ" ಎಂದು ಗದರಿಸಿದ್ದೂ ಉಂಟು. ಈಗ ನೆಟ್ಟಗೆ ನಿಂತಿದ್ದ. ಹತ್ತು ನಿಮಿಷವಾದರೂ ತಲೆ ಎತ್ತಲಿಲ್ಲ. ಮೈಸ್ಟರ್ ಮೆಲ್ಲಗೆ ಹೊರಗೆ ಹೋಗಿ ಕಾಫಿ ಇಟ್ಟರು.

ಬೆಲೆ ಕೇಳಿದೆ. 4,200 ಯೂರೋ. ನಮ್ಮ ಲೆಕ್ಕದಲ್ಲಿ ನಾಲ್ಕು ಲಕ್ಷ ರೂಪಾಯಿಗೂ ಹೆಚ್ಚು. ಎಡಗೈ ಎಂದು ಹೆಚ್ಚಿಗೆ ಹಾಕುವುದಿಲ್ಲ. ಹತ್ತು ತಿಂಗಳು ಕಾಯಬೇಕು, ಅರ್ಧ ಮುಂಗಡ. ಆಮೇಲೆ ಬೇಡವೆಂದರೆ ಹಣ ವಾಪಸಿಲ್ಲ. ಏಕೆಂದರೆ ಎಡಗೈ ವಾದ್ಯಕ್ಕೆ ಬೇರೆ ಗಿರಾಕಿ ಸಿಗುವುದು ಕಷ್ಟ. ಎಡಗೈಯವರ ಇನ್ನೊಂದು ಕಷ್ಟ ಇದು. ಬಲಗೈಯವರು ಹತ್ತು ವಾದ್ಯ ನುಡಿಸಿ ನೋಡಿ ಒಂದು ಕೊಳ್ಳುತ್ತಾರೆ, ಇವರು ಕಾಣದ ವಾದ್ಯಕ್ಕೆ ಮೊದಲೇ ದುಡ್ಡು ಕಟ್ಟಬೇಕು.

"ಕಟ್ಟಿಬಿಡ್ಲೇನೋ?" ಎಂದೆ. ನಿಜಕ್ಕೂ ಕಟ್ಟಲು ಸಿದ್ಧನಿದ್ದೆ.

"ಬೇಡಪ್ಪ. ಫೀಸು, ಬಾಡಿಗೆ ಎಲ್ಲ ಇದೆ. ಕೆಲಸ ಸಿಕ್ಕ ಮೇಲೆ ನಾನೇ ಮಾಡಿಸ್ತೀನಿ. ನನಗೆ ಬೇಕಿದ್ದದ್ದು ಇದು ನನ್ನ ತಪ್ಪಲ್ಲ ಅಂತ ಗೊತ್ತಾಗೋದು," ಎಂದ.

ಮೈಸ್ಟರ್ ಅದನ್ನೇ ಅನುಮೋದಿಸಿದರು. ಮೊದಲು ಯಾವುದಾದರೂ ಕಂಪನಿಯ ಹಳೆಯ ಎಡಗೈ ಬೇಸ್ ಕೊಂಡು ಒಂದೆರಡು ವರ್ಷ ನುಡಿಸಲಿ, ಕತ್ತು ಎಷ್ಟು ಅಗಲ ಬೇಕು, ತೂಕ ಎಷ್ಟು ತಡೆಯುತ್ತದೆ ಎಂದು ಕೈಗೆ ಗೊತ್ತಾಗಲಿ, ಆಮೇಲೆ ಬರಲಿ ಎಂದರು. ಮುಂದಿನ ವಾರವೇ ನ್ಯೂರೆಂಬರ್ಗ್‌ನಲ್ಲಿ ಅಂಥದ್ದೊಂದು ಸೆಕೆಂಡ್ ಹ್ಯಾಂಡ್ ಬೇಸ್ 400 ಯೂರೋಗೆ ಸಿಕ್ಕಿತು. ಅದರ ದುಡ್ಡು ಮಾತ್ರ ನಾನೇ ಕೊಟ್ಟೆ.

ವಾಪಸು ಬರುವ ರೈಲಿನಲ್ಲಿ ಫ್ಲಾಸ್ಕಿನಿಂದ ಚಹಾ ಬಗ್ಗಿಸಿದ ಮಗ ಲೋಟವನ್ನು ಎಂದಿನಂತೆ ಎಡಗೈಯಿಂದ ಬಲಗೈಗೆ ಬದಲಾಯಿಸಲು ಹೋದ. ರೈಲು ಅಲುಗಾಡುತ್ತಿತ್ತು. "ಹಾಗೇ ಕೊಡೋ, ಚೆಲ್ಲುತ್ತೆ," ಎಂದೆ.

ಹೆತ್ತವರಿಗೆ ನಾಲ್ಕು ಮಾತು

ಮಗುವಿಗೆ ವಾದ್ಯ ಕೊಡಿಸುವ ಮುನ್ನ ಪೊರಕೆ ಕೋಲಿನ ಪರೀಕ್ಷೆ ಮಾಡಿ ನೋಡಿ. ಎಡಚ ಮಗು ಬಲಗೈಯವರಂತೆ ಕಲಿಯಬಾರದು ಎಂದೇನಿಲ್ಲ. ಪಿಯಾನೋ, ಕೊಳಲಿನಂಥ ವಾದ್ಯಗಳಲ್ಲಿ ಎರಡು ಕೈಗೂ ಕೆಲಸವಿದೆ. ಗಿಟಾರನ್ನೂ ಬಲಗೈಯಲ್ಲೇ ಕಲಿತು ಗೆದ್ದವರಿದ್ದಾರೆ. ಹಾಗೆ ಕಲಿತರೆ ವಾದ್ಯ ಎಲ್ಲೆಡೆ ಸಿಗುತ್ತದೆ, ಅಗ್ಗವೂ ಹೌದು. ಎರಡೂ ರೀತಿ ಹಿಡಿಸಿ ನೋಡಿ, ಮಗುವೇ ಆರಿಸಲಿ. ಆದರೆ ಎಡಗೈಯೇ ಎಂದು ತೀರ್ಮಾನವಾದರೆ ಎಡಗೈ ವಾದ್ಯವನ್ನೇ ತರಿಸಿ. ತಂತಿ ತಿರುಗಿಸುವ ಉಪಾಯ ಬೇಡ. ತಿರುಗಿಸಲೇಬೇಕಾದರೆ ಮೇರುವನ್ನಾದರೂ ಹೊಸದಾಗಿ ಹಾಕಿಸಿ. ಲಕ್ಷಗಟ್ಟಲೆ ಬೆಲೆಯ ಕೈಕೆಲಸದ ವಾದ್ಯಕ್ಕೆ ಕೊನೆಯ ಸರದಿ, ಮೊದಲ ಸರದಿಯಲ್ಲ. ಮುಂಗಡ ಕೊಡುವ ಮುಂಚೆ ಅಳತೆ, ಮರ, ಅವಧಿ, ವಾಪಸಿನ ಷರತ್ತು ಎಲ್ಲವನ್ನೂ ಬರಹದಲ್ಲಿ ಪಡೆಯಿರಿ.

ಇನ್ನು, ಮಗು ಎಡಗೈಯಲ್ಲಿ ಬಳಪ ಹಿಡಿದರೆ ಹಿಡಿಯಲಿ ಬಿಡಿ. ಆ ಕೈ ಮುಂದೆ ಏನೇನು ಹಿಡಿಯಲಿದೆಯೋ ನಮಗೇನು ಗೊತ್ತು?

ಹೋಗುವುದು ಹೇಗೆ?

ಬೂಬೆನ್‌ರಾಯ್ಟ್‌ಗೆ ನ್ಯೂರೆಂಬರ್ಗ್‌ನಿಂದ ಎರ್ಲಾಂಗೆನ್ ಮಾರ್ಗದ ಲೋಕಲ್ ರೈಲಿದೆ. ಎರ್ಲಾಂಗೆನ್ ದಾಟಿದ ಮುಂದಿನ ನಿಲ್ದಾಣ. ಅಲ್ಲಿನ ಸಂಗ್ರಹಾಲಯ ಚಿಕ್ಕದು, ತೆರೆಯುವ ದಿನ ಮೊದಲೇ ವಿಚಾರಿಸಿಕೊಳ್ಳಿ. ಮಾರ್ಕ್‌ನಾಯ್‌ಕಿರ್ಶೆನ್‌ಗೆ ಪ್ಲೌಯೆನ್ ಮೂಲಕ ಆಡೋರ್ಫ್‌ವರೆಗೆ ರೈಲು, ಮುಂದೆ ಬಸ್ಸು. ಬೆಳಿಗ್ಗೆ ಬೇಗ ಹೊರಟರೆ ಸಂಗ್ರಹಾಲಯಕ್ಕೆ ಅರ್ಧ ದಿನ ಸಿಗುತ್ತದೆ. ಕಾರ್ಖಾನೆಗಳು ಅಂಗಡಿಗಳಲ್ಲ, ಕೆಲಸದ ಜಾಗ. ಮುಂಚೆ ಬರೆದು ಅನುಮತಿ ಪಡೆದೇ ಹೋಗಬೇಕು. ಹೋದರೆ ಅವಸರ ಮಾಡಬೇಡಿ. ಅಲ್ಲಿನವರಿಗೂ ಅವಸರವಿಲ್ಲ.